ಪರಂಗಿ ಹಣ್ಣು, ಪರಂಗಿ ರೋಗ

'ಪರಂಗಿ' ಅನ್ನೋ ಪದ ನಮ್ಮ ಭಾಷೆಯಲ್ಲಿ ಎರಡು ಕಡೆ ಕೂತಿದೆ ನೋಡಿ. ಒಂದು ಹಣ್ಣಿನ ಹಿಂದೆ, ಇನ್ನೊಂದು ರೋಗದ ಹಿಂದೆ. ಯೂರೋಪಿನ ಫ್ರಾಂಕ್ ಜನರ ಹೆಸರು ಅರಬ್ಬರ, ಪಾರಸಿಗಳ ಬಾಯಲ್ಲಿ ಫಿರಂಗಿಯಾಗಿ, ನಮ್ಮಲ್ಲಿಗೆ ಬರುವಷ್ಟರಲ್ಲಿ ಪರಂಗಿ ಆಯಿತು. ಪೋರ್ಚುಗೀಸರು ಹಡಗಿನಲ್ಲಿ ತಂದ ಹಣ್ಣು ಪರಂಗಿ ಹಣ್ಣು. ಅದೇ ಹಡಗಿನಲ್ಲಿ ಬಂದ ಗುಹ್ಯರೋಗ ಪರಂಗಿ ರೋಗ. 16ನೇ ಶತಮಾನದ ವೈದ್ಯಗ್ರಂಥ 'ಭಾವಪ್ರಕಾಶ'ದಲ್ಲಿ 'ಫಿರಂಗ ರೋಗ' ಅಂತಲೇ ಅದನ್ನು ಕರೆದಿದ್ದಾರೆ. ನಮ್ಮವರನ್ನೇ ದೂರಬೇಕಿಲ್ಲ ಬಿಡಿ. ಇಟಲಿಯವರು ಅದನ್ನು ಫ್ರೆಂಚ್ ರೋಗ ಅಂದರು, ಫ್ರೆಂಚರು ನೇಪಲ್ಸ್ ರೋಗ ಅಂದರು. ರೋಗ ಯಾವತ್ತೂ ಪಕ್ಕದ ಊರಿನದು.

ಪರಂಗಿ ಹಣ್ಣಿನ ಮೂಲ ದಕ್ಷಿಣ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಇದು ನನಗೆ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆಯೇ. 2018ರಲ್ಲಿ ನನ್ನ ಗಂಡನ ಕೆಲಸದ ಮೇಲೆ ನಾವಿಬ್ಬರೂ ಗ್ವಾದಲಹಾರಾ ಅನ್ನೋ ಊರಿಗೆ ಹೋದೆವು. ಹಲಿಸ್ಕೋ ರಾಜ್ಯದ ರಾಜಧಾನಿ ಅದು. ಮೆಕ್ಸಿಕೋದ ಸಿಲಿಕಾನ್ ವ್ಯಾಲಿ ಅಂತ ಅದಕ್ಕೆ ಹೆಸರು. ಬೆಂಗಳೂರಿಗೂ ಅದೇ ಬಿರುದು ಇದೆಯಲ್ಲ, ಹಾಗಾಗಿ ಎರಡೂ ಊರಿನ ನಡುವೆ ಕಂಪ್ಯೂಟರ್ ಕೆಲಸದವರ ಓಡಾಟ ಇದ್ದೇ ಇತ್ತು. ನಾನು ಯಲಹಂಕದವಳು, ಅಪ್ಪ ಗಾಲಿ ಅಚ್ಚು ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಅತ್ತೆಯ ಮನೆ ಆರ್.ಟಿ. ನಗರ. ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ಗ್ವಾದಲಹಾರಾದ ಹವೆ ನಮ್ಮ ಹಳೇ ಬೆಂಗಳೂರಿನ ಹಾಗೆ. ಮಾರ್ಚ್ ಬಂತೆಂದರೆ ರಸ್ತೆ ತುಂಬ ಜಕರಾಂಡದ ನೇರಳೆ ಹೂವು.

ಅಲ್ಲಿನ ಸಂತೆಗೆ ಹೋದ ಮೊದಲ ವಾರ ನನಗೆ ಆಶ್ಚರ್ಯವೋ ಆಶ್ಚರ್ಯ. ಪರಂಗಿ, ಸೀಬೆ, ಮೆಣಸಿನಕಾಯಿ, ಮುಸುಕಿನ ಜೋಳ, ಎಲ್ಲಾ ಅಲ್ಲಿಯ ಮಣ್ಣಿನವೇ. ಯಲಹಂಕ ಕೆರೆ ಏರಿಯ ಬೇಲಿಯಲ್ಲಿ ಕಿತ್ತು ತಿನ್ನುತ್ತಿದ್ದ ಸೀಮೆ ಹುಣಸೆಯನ್ನು ಅಲ್ಲಿ 'ಗ್ವಾಮೂಚಿಲ್' ಅಂತ ಪೊಟ್ಟಣ ಕಟ್ಟಿ ಮಾರುತ್ತಿದ್ದರು. ರೈಲು ಹಳಿ ಪಕ್ಕದ ಕತ್ತಾಳೆಯ ಬಂಧು ಬಳಗವೆಲ್ಲ ಅಲ್ಲಿನ ಹೊಲದಲ್ಲಿ ಸಾಲಾಗಿ ನಿಂತಿತ್ತು, ಟೆಕೀಲಾ ಮಾಡೋಕೆ. ಸೀಮೆಬದನೆಕಾಯಿ ಅಲ್ಲಿ 'ಚಯೋಟೆ'. ಸೀಮೆ ಅಂದರೆ ನಮ್ಮಲ್ಲಿ ಹೊರದೇಶ ತಾನೆ? ಆ ಹೊರದೇಶದಲ್ಲೇ ನಿಂತು ಅದನ್ನು ಕಿಲೋ ಲೆಕ್ಕದಲ್ಲಿ ಕೊಂಡು ತಂದು ಹುಳಿ ಮಾಡಿದೆ. ತಮಾಷೆ ಅಂದರೆ, ಹೊಸೂರು ದಾಟಿದರೆ ತಮಿಳಿನಲ್ಲಿ ಅದೇ ತರಕಾರಿಗೆ 'ಬೆಂಗಳೂರು ಕತ್ತರಿಕಾಯಿ' ಅನ್ನುತ್ತಾರೆ!

ಹಣ್ಣು ತರಕಾರಿ ಬಂದಾಗ ಯಾರೂ ತಕರಾರು ಮಾಡಲ್ಲ. ರೋಗ ಬಂದಾಗ ಮಾತ್ರ 'ತಂದವರು ಯಾರು' ಅನ್ನೋದು ಮೊದಲ ಪ್ರಶ್ನೆ.

2020ರ ಫೆಬ್ರವರಿ 28ಕ್ಕೆ ಮೆಕ್ಸಿಕೋದಲ್ಲಿ ಕೋವಿಡ್‌ನ ಮೊದಲ ಪ್ರಕರಣ ಪ್ರಕಟವಾಯಿತು. ಇಟಲಿಗೆ ಹೋಗಿ ಬಂದವರಿಂದ ಶುರು. ಮಾರ್ಚ್ ಮಧ್ಯದಲ್ಲಿ ಗ್ವಾದಲಹಾರಾದಲ್ಲಿ ಇನ್ನೊಂದು ಸುದ್ದಿ. ಅಮೆರಿಕದ ವೇಲ್ ಅನ್ನೋ ಗಿರಿಧಾಮಕ್ಕೆ ಹಿಮದ ಮೇಲೆ ಜಾರೋಕೆ ಹೋಗಿದ್ದ ಹಲಿಸ್ಕೋದ ಸುಮಾರು 400 ಮಂದಿ ಉಳ್ಳವರು ವಾಪಸ್ ಬಂದಿದ್ದಾರೆ, ಅವರನ್ನು ಹುಡುಕುತ್ತಿದ್ದಾರೆ ಅಂತ. ನಮ್ಮ ಮನೆ ಓನರಮ್ಮ ವಯಸ್ಸಾದವರು. "ಇದು ವಿಮಾನದಲ್ಲಿ ಓಡಾಡೋರ ಕಾಯಿಲೆ" ಅಂದರು. ಆಮೇಲೆ ನಮ್ಮಿಬ್ಬರ ಮುಖ ನೋಡಿ, ನಾವೂ ವಿಮಾನದವರೇ ಅಂತ ನೆನಪಾಗಿ, ನಕ್ಕುಬಿಟ್ಟರು. ಪ್ಯೂಬ್ಲಾ ರಾಜ್ಯದ ಗವರ್ನರ್ ಒಂದು ಹೆಜ್ಜೆ ಮುಂದೆ ಹೋಗಿ, ಇದು ಶ್ರೀಮಂತರಿಗೆ ಬರೋದು, ಬಡವರಿಗೆ ತಾಗಲ್ಲ ಅಂತ ಬಹಿರಂಗವಾಗಿ ಹೇಳಿದ್ದರು.

ಬೆಂಗಳೂರಿನಲ್ಲೂ ಅದೇ ಕಥೆ. ಕರ್ನಾಟಕದ ಮೊದಲ ಪ್ರಕರಣ ಅಮೆರಿಕದಿಂದ ಬಂದ ಟೆಕ್ಕಿಯದು, ಮಾರ್ಚ್ 9ಕ್ಕೆ ಖಚಿತವಾಗಿದ್ದು. ದೇಶದ ಮೊದಲ ಕೋವಿಡ್ ಸಾವು ಮಾರ್ಚ್ 10ರಂದು, ಸೌದಿಯಿಂದ ಕಲಬುರಗಿಗೆ ಮರಳಿದ್ದ ಹಿರಿಯರದು. ಮೂರನೇ ವಾರದ ಹೊತ್ತಿಗೆ ವಿಮಾನ ನಿಲ್ದಾಣದಲ್ಲೇ ಬಂದವರ ಕೈ ಮೇಲೆ ಅಳಿಸಲಾಗದ ಶಾಯಿಯ ಮುದ್ರೆ ಒತ್ತೋದು ಶುರುವಾಯಿತು. ಬಾಗಿಲಿಗೆ ಚೀಟಿ ಅಂಟಿತು. ಮನೆಯಲ್ಲೇ ಇರಬೇಕಾದವರ ವಿಳಾಸಗಳ ಪಟ್ಟಿಯೇ ಸಾರ್ವಜನಿಕವಾಯಿತು.

ನಮ್ಮ ಟಿಕೆಟ್ ಇದ್ದದ್ದು ಮಾರ್ಚ್ 24ಕ್ಕೆ. ಅತ್ತೆಗೆ ಹೃದಯದ ತೊಂದರೆ, ಯುಗಾದಿಗೆ ಬರ್ತೀವಿ ಅಂತ ಮಾತು ಕೊಟ್ಟಿದ್ದೆವು. ಮಾರ್ಚ್ 22ರಿಂದ ಅಂತರರಾಷ್ಟ್ರೀಯ ವಿಮಾನ ಇಳಿಯುವ ಹಾಗಿಲ್ಲ ಅಂತ 19ರಂದು ಆದೇಶ ಬಂತು. ಒಂದು ವಾರದ ಮಟ್ಟಿಗೆ ಅಂದರು. ಆ ವಾರ ಎಷ್ಟು ಉದ್ದ ಎಳೆಯಿತು ಅಂತ ನಿಮಗೆಲ್ಲ ಗೊತ್ತಿದೆ. ಫೋನಿನಲ್ಲಿ ಅಪ್ಪ, "ಎದುರುಮನೆಯವರು ಕೇಳಿದ್ರು ಕಣಮ್ಮ, ಮಗಳು ಅಳಿಯ ಬರ್ತಾರಾ ಅಂತ. ಬರಲ್ಲ ಅಂದೆ. ಪಾಪ, ಅವರಿಗೆ ಸಮಾಧಾನ ಆಯ್ತು" ಅಂದರು. ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಹುಟ್ಟಿ ಬೆಳೆದ ಬೀದಿಗೆ ನಾನು ಬರದೇ ಇರೋದು ಒಂದು ಸಮಾಧಾನದ ಸುದ್ದಿ!

ಬಾಗಿಲು ಹಾಕ್ಕೊಂಡು ಕೂತ ಆ ತಿಂಗಳುಗಳಲ್ಲಿ ನಾನು ಎರಡೂ ಊರಿನ ರೋಗಗಳ ಇತಿಹಾಸ ಓದತೊಡಗಿದೆ.

ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಆ ಹಳಿ ತುಮಕೂರು, ಯಶವಂತಪುರ ಹಾದು ಊರೊಳಕ್ಕೆ ಬರುತ್ತದೆ. ಅಂದರೆ ರೋಗ ಬಂದದ್ದು ನಮ್ಮ ಉತ್ತರದ ಬಾಗಿಲಿನಿಂದಲೇ. ಮೊದಲ ರೋಗಿ ರೈಲ್ವೆ ಅಧಿಕಾರಿಯೊಬ್ಬರ ಮನೆಯ ಆಳು ಅಂತ ಬರೆದಿಟ್ಟಿದ್ದಾರೆ. ಇದಕ್ಕೆ ಸರಿಸಾಟಿಯಾದ ಕಥೆ ಮೆಕ್ಸಿಕೋದಲ್ಲೂ ಇದೆ. 1520ರಲ್ಲಿ ಸ್ಪೇನಿನವರ ಹಡಗಿನಲ್ಲಿ ಸಿಡುಬು ಬಂತು. ಅಸ್ಟೆಕ್ಕರ ಹೊಸ ದೊರೆ ಕ್ವಿತ್ಲಾವಾಕ್ ಪಟ್ಟಕ್ಕೇರಿ ಮೂರು ತಿಂಗಳೂ ತುಂಬುವ ಮೊದಲೇ ಅದಕ್ಕೆ ಬಲಿಯಾದ. ಅದನ್ನು ತಂದವನು ಒಬ್ಬ ಆಫ್ರಿಕನ್ ಗುಲಾಮ ಅಂತ ಅಂದಿನ ವೃತ್ತಾಂತಗಳು ಹೇಳುತ್ತವೆ. ಎರಡೂ ಕಡೆ ನೋಡಿ, ಹಡಗು ಓಡಿಸಿದವರು, ರೈಲು ಹಾಕಿದವರು ಬೇರೆ. ಲೆಕ್ಕದ ಪುಸ್ತಕದಲ್ಲಿ ರೋಗ ತಂದವನಾಗಿ ಸಿಕ್ಕಿಬಿದ್ದಿದ್ದು ಮಾತ್ರ ಆಳು, ಗುಲಾಮ. ಅವನು ತನ್ನಿಚ್ಛೆಯಿಂದ ಪ್ರಯಾಣ ಹೊರಟವನೂ ಅಲ್ಲ.

ಪ್ಲೇಗಿಗೆ ಸರ್ಕಾರ ಮಾಡಿದ್ದೇನು? ಮೈಸೂರು ಸಂಸ್ಥಾನದಲ್ಲಿ ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು. ಮುಂದೆ ದಿವಾನರಾದದ್ದೂ ಅವರೇ. ರೈಲಿನಲ್ಲಿ ಬಂದವರ ತಪಾಸಣೆ, ರೋಗಿಯನ್ನು ಬೇರೆ ಇಡೋದು, ಮನೆ ತೆರವು, ಸುಣ್ಣ, ಔಷಧಿ ಸಿಂಪಡಣೆ. ಮದರಾಸು ಪ್ರಾಂತ್ಯದಲ್ಲಂತೂ 'ಪ್ಲೇಗ್ ಪಾಸ್‌ಪೋರ್ಟ್' ಅಂತಲೇ ಒಂದು ಕಾಗದ ಇತ್ತು. ರೋಗವಿರುವ ಕಡೆಯಿಂದ ಬಂದವರು ಅದನ್ನು ಹಿಡಿದು ದಿನಾ ಹಾಜರಿ ಹಾಕಬೇಕು. ಗಂಜಾಮಿನಲ್ಲಿ ಜನ ಇದಕ್ಕೆಲ್ಲ ತಿರುಗಿಬಿದ್ದು ಗಲಭೆಯೇ ಆಯಿತು. 2020ರಲ್ಲಿ ನಮ್ಮ ಸರ್ಕಾರಗಳು ಕೈಗೆತ್ತಿಕೊಂಡ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿದ್ದೂ ಆ ಪ್ಲೇಗಿನ ಕಾಲದಲ್ಲೇ, 1897ರಲ್ಲಿ.

ಜನ ತಾವಾಗಿಯೇ ಮಾಡಿದ್ದು ಇನ್ನೊಂದು. ಊರು ಬಿಡೋದು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪಾತ್ರೆ ಪಡಗ ಹೊತ್ತು ಹೊಲಕ್ಕೆ ಹೋಗಿ ಗುಡಿಸಲು ಹಾಕ್ಕೊಳ್ಳೋರು. ಅಪ್ಪನ ಅಜ್ಜಿ ಹೇಳುತ್ತಿದ್ದರಂತೆ, ದೊಡ್ಡಬಳ್ಳಾಪುರದ ಕಡೆ ಅವರ ಊರಿಗೆ ಊರೇ ಮೂರು ತಿಂಗಳು ಹೊಲದಲ್ಲಿತ್ತು ಅಂತ. ಪಕ್ಕದ ಊರಿನವರು ತಮ್ಮ ಬಾವಿಗೆ ಬಿಡುತ್ತಿರಲಿಲ್ಲ ಅಂತಲೂ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಓದಿದವರಿಗೆ ಆ ಇಲಿಗಳ, ಆ ಖಾಲಿಯಾಗುವ ಅಗ್ರಹಾರದ ಭಯ ಹೊಸದಲ್ಲ. ಬೆಂಗಳೂರಿನಲ್ಲಿ ಪ್ಲೇಗ್ ಅಮ್ಮನಿಗೆ ಗುಡಿಗಳಾದವು. ಇಕ್ಕಟ್ಟಾದ ಪೇಟೆ ಬಿಟ್ಟು ಹೊರಗೆ ಹೋಗಬೇಕು ಅನ್ನೋ ಒತ್ತಡಕ್ಕೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಚುರುಕಾದವು. ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು. ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕು. ನಾವು ಇವತ್ತು 'ಹಳೇ ಬೆಂಗಳೂರಿನ ಸೊಗಸು' ಅಂತ ಹಾಡಿ ಹೊಗಳೋದರಲ್ಲಿ ಅರ್ಧ ಪಾಲು ಪ್ಲೇಗಿನ ಭಯದಿಂದ ಹುಟ್ಟಿದ್ದು.

ಗ್ವಾದಲಹಾರಾದ ಕಥೆಯೂ ಬಹಳ ಬೇರೆಯಲ್ಲ. 1786ನ್ನು ಅಲ್ಲಿ ಇವತ್ತಿಗೂ 'ಹಸಿವಿನ ವರ್ಷ' ಅನ್ನುತ್ತಾರೆ. ಬೆಳೆ ಕೈಕೊಟ್ಟಿತು, ಹಳ್ಳಿಯ ಜನ ಊರಿಗೆ ಬಂದರು, ಹಸಿವಿನ ಹಿಂದೆ ರೋಗ ಬಂತು. ಆಗ ಅಲ್ಲಿನ ಬಿಷಪ್ ಫ್ರಾಯ್ ಆಂತೋನಿಯೋ ಅಲ್ಕಾಲ್ದೆ. ವಯಸ್ಸು ಎಂಬತ್ತೈದು. ಅನ್ನಛತ್ರ ಹಾಕಿಸಿದರು. ಮರುವರ್ಷವೇ ಊರ ಹೊರಗೆ, ಗಾಳಿ ಬೀಸುವ ಜಾಗ ನೋಡಿ, ದೊಡ್ಡ ಆಸ್ಪತ್ರೆ ಕಟ್ಟಿಸಲು ಹಿಡಿದರು. 1794ರಲ್ಲಿ ಅದು ಬಾಗಿಲು ತೆರೆಯುವಾಗ ಅವರಿರಲಿಲ್ಲ, 91ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. 'ನರಳುವ ಮನುಕುಲಕ್ಕೆ' ಅನ್ನೋ ಅರ್ಥದ ಅರ್ಪಣೆಯ ಸಾಲು ಅವರ ಹೆಸರಿನ ಜೊತೆ ಸೇರಿಕೊಂಡಿದೆ. ಆ ಆಸ್ಪತ್ರೆ ಈಗಲೂ ನಡೆಯುತ್ತಿದೆ. 2020ರಲ್ಲಿ ಕೋವಿಡ್ ರೋಗಿಗಳನ್ನೂ ನೋಡಿಕೊಂಡಿತು. ಅದೇ ಬಿಷಪ್ ಬಡವರಿಗಾಗಿ 150ಕ್ಕೂ ಹೆಚ್ಚು ಮನೆಗಳ ಬಡಾವಣೆ ಮಾಡಿಸಿದ್ದರು. ಅದಕ್ಕೆ 'ಚಿಕ್ಕ ಚೌಕಗಳು' ಅನ್ನೋ ಅರ್ಥದ 'ಲಾಸ್ ಕ್ವಾದ್ರಿತಾಸ್' ಅಂತ ಹೆಸರು. ನಮ್ಮ ಮಲ್ಲೇಶ್ವರಕ್ಕಿಂತ ನೂರು ವರ್ಷ ಮೊದಲಿನ ಮಾತು ಇದು.

ಅಲ್ಲೂ ಅಮ್ಮ ಇದ್ದಾಳೆ. ಪಕ್ಕದ ಸಪೋಪಾನ್‌ನ ಕನ್ಯಾಮಾತೆಯ ಪುಟ್ಟ ವಿಗ್ರಹವನ್ನು 1734ರಲ್ಲಿ ಸಿಡಿಲು, ಬಿರುಗಾಳಿ, ಸಾಂಕ್ರಾಮಿಕಗಳಿಂದ ಊರನ್ನು ಕಾಯುವ ರಕ್ಷಕಿ ಅಂತ ಘೋಷಿಸಿದರು. ಮಳೆಗಾಲದಲ್ಲಿ ಆಕೆ ಊರಿನ ಚರ್ಚುಗಳಿಗೆಲ್ಲ ಭೇಟಿ ಕೊಟ್ಟು ಅಕ್ಟೋಬರ್ 12ಕ್ಕೆ ಮನೆಗೆ ಮರಳುತ್ತಾಳೆ. ಆವತ್ತು ಲಕ್ಷಗಟ್ಟಲೆ ಜನ ಜೊತೆಯಲ್ಲಿ ನಡೆಯುತ್ತಾರೆ. ಮೆಕ್ಸಿಕೋ ನಗರದ ಇಸ್ತಾಪಲಾಪಾದಲ್ಲಿ ಈಸ್ಟರ್ ವಾರದಲ್ಲಿ ಆಡುವ ಯೇಸುವಿನ ನಾಟಕ ಶುರುವಾಗಿದ್ದೇ 1833ರ ಕಾಲರಾ ಹೊತ್ತಿನ ಹರಕೆಯಿಂದ. 2020ರಲ್ಲಿ ಆ ನಾಟಕ ಜನರಿಲ್ಲದೆ ಮುಚ್ಚಿದ ಬಾಗಿಲೊಳಗೆ ನಡೆಯಿತು. ಸಪೋಪಾನಿನ ಮಾತೆಯೂ ಭಕ್ತರಿಲ್ಲದೆ ಮರಳಿದಳು. ಇತ್ತ ಬೆಂಗಳೂರು ಕರಗವೂ ಆ ಏಪ್ರಿಲ್‌ನಲ್ಲಿ ಊರು ಸುತ್ತಲಿಲ್ಲ. ರೋಗದಿಂದ ಕಾಪಾಡು ಅಂತ ಹುಟ್ಟಿದ ಹರಕೆಗಳು ರೋಗದ ಕಾರಣಕ್ಕೇ ನಿಂತವು!

ಇಷ್ಟಕ್ಕೇ ನಿಲ್ಲಿಸಿದರೆ, ಹೊರಗಿನಿಂದ ಬರೋದು ರೋಗ ಮಾತ್ರ ಅನ್ನಿಸಬಹುದು. ಇನ್ನೊಂದು ಕಥೆ ಇದೆ.

1803ರ ನವೆಂಬರ್ 30ರಂದು ಸ್ಪೇನಿನ ಲಾ ಕೊರೂನ್ಯಾ ಬಂದರಿನಿಂದ ಒಂದು ಹಡಗು ಹೊರಟಿತು. ಅದರಲ್ಲಿ ಡಾಕ್ಟರ್ ಬಾಲ್ಮಿಸ್, ಇಸಬೆಲ್ ಸೆಂದಾಲ್ ಅನ್ನೋ ಹೆಂಗಸು, ಮತ್ತು 22 ಅನಾಥ ಹುಡುಗರು. ಐಸ್ ಪೆಟ್ಟಿಗೆ ಇಲ್ಲದ ಕಾಲ. ಸಿಡುಬಿನ ಲಸಿಕೆಯನ್ನು ಜೀವಂತವಾಗಿ ಸಾಗಿಸಲು ಇದ್ದ ದಾರಿ ಒಂದೇ: ಒಬ್ಬ ಹುಡುಗನ ತೋಳಿನ ಗುಳ್ಳೆಯಿಂದ ಕೀವು ತೆಗೆದು ಇನ್ನೊಬ್ಬನ ತೋಳಿಗೆ ಹಾಕುವುದು. ಹಾಗೆ ತೋಳಿನಿಂದ ತೋಳಿಗೆ ದಾಟಿಕೊಂಡು ಲಸಿಕೆ 1804ರಲ್ಲಿ ಮೆಕ್ಸಿಕೋ ತಲುಪಿತು. 1805ರಲ್ಲಿ ಅಲ್ಲಿನ 26 ಹುಡುಗರ ತೋಳಿನ ಮೇಲೆ ಅಕಾಪುಲ್ಕೋದಿಂದ ಪೆಸಿಫಿಕ್ ದಾಟಿ ಮನಿಲಾಕ್ಕೆ ಹೋಯಿತು.

ಅದೇ ಸುಮಾರಿನಲ್ಲಿ ಲಸಿಕೆ ಇನ್ನೊಂದು ದಿಕ್ಕಿನಿಂದ ನಮ್ಮ ಕಡೆಗೂ ಬಂತು. ಬಾಗ್ದಾದ್, ಬಸ್ರಾ ದಾರಿಯಾಗಿ 1802ರ ಜೂನ್‌ನಲ್ಲಿ ಮುಂಬಯಿ ತಲುಪಿತು. ಮೊದಲು ಹಾಕಿಸಿಕೊಂಡಿದ್ದು ಮೂರು ವರ್ಷದ ಮಗು. ಅಲ್ಲಿಂದ ಮುಂದಕ್ಕೂ ತೋಳಿನಿಂದ ತೋಳಿಗೇ. ಪರಂಗಿಯವರ ಈ ಹಸುವಿನ ಕೀವು ನಮಗೆ ಬೇಡ ಅಂತ ಹೆದರಿದವರು ಬಹಳ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಅನ್ನೋ ಐರಿಷ್ ಕಲಾವಿದ ಮೂವರು ಸ್ತ್ರೀಯರ ಚಿತ್ರ ಬರೆದ. ಬಹಳ ಕಾಲ ಅವರನ್ನು ನರ್ತಕಿಯರು ಅಂದುಕೊಂಡಿದ್ದರು. ಅವರು ಮೈಸೂರು ಅರಮನೆಯವರು, ಅವರಲ್ಲಿ ಎಳೆಯ ರಾಣಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಹಿಡಿದ ದೇವಾಜಮ್ಮಣ್ಣಿ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದರು. ಆಕೆ ಸೀರೆ ಸ್ವಲ್ಪ ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಗುರುತನ್ನು ಜನರಿಗೆ ಕಾಣಿಸಲಿಕ್ಕೆ ಅನ್ನೋದು ಅವರ ಓದು. ಹಾಗಿದ್ದರೆ, ಅರಮನೆಯ ಹುಡುಗಿಯೊಬ್ಬಳು, ಸಾಗರ ದಾಟಿ ಬಂದದ್ದನ್ನು ನಾನು ಹಾಕಿಸಿಕೊಂಡಿದ್ದೇನೆ, ನೀವೂ ಹಾಕಿಸಿಕೊಳ್ಳಿ ಅನ್ನುತ್ತಿದ್ದಾಳೆ.

ಆ ಚಿತ್ರ ನೋಡುವಾಗ ನನಗೆ ನೆನಪಾಗಿದ್ದು ಬೆಂಗಳೂರು ವಿಮಾನ ನಿಲ್ದಾಣದ ಶಾಯಿ ಮುದ್ರೆ. ಎರಡೂ ಕೈ ಮೇಲಿನ ಗುರುತೇ. ಒಂದು 'ಹತ್ತಿರ ಬನ್ನಿ, ಹೆದರಬೇಡಿ' ಅನ್ನುತ್ತೆ, ಇನ್ನೊಂದು 'ದೂರ ಇರಿ'. ಎರಡೂ ಬೇಕಾಗಬಹುದು, ಇಲ್ಲ ಅನ್ನಲ್ಲ. ಆದರೆ ಎರಡನೆಯದು ಮುದ್ರೆಯಲ್ಲಿ ನಿಲ್ಲಲ್ಲ, ಮನಸ್ಸಿಗೆ ಇಳಿಯುತ್ತೆ.

ಇನ್ನೊಂದು ವಿಷಯ. ಹೊರಗಿದ್ದ ನಮ್ಮನ್ನು ಪತ್ರಿಕೆಗಳು ಎನ್ನಾರೈ, ಅನಿವಾಸಿ ಅಂದವು. ಮೇ 7ರಿಂದ ವಂದೇ ಭಾರತ್ ಅನ್ನೋ ಹೆಸರಿನಲ್ಲಿ ವಿಮಾನಗಳು ಹೊರಟವು. ಅದೇ ಮೇ ತಿಂಗಳ ಮೊದಲ ವಾರ ಹೆಬ್ಬಾಳದ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದವರು, ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರು ಊರಿಗೆ ಹೋಗಲು ದಾರಿ ಹುಡುಕುತ್ತಿದ್ದರು. ಅವರು 'ವಲಸೆ ಕಾರ್ಮಿಕರು'. ಅವರಿಗಾಗಿ ಚಿಕ್ಕಬಾಣಾವರ, ಮಾಲೂರಿನಿಂದ ಶ್ರಮಿಕ ರೈಲು ಶುರುವಾದವು. ಮಧ್ಯೆ ಒಂದೆರಡು ದಿನ ರೈಲು ಬೇಡ ಅಂತ ರದ್ದಾಗಿ, ಗಲಾಟೆಯಾದ ಮೇಲೆ ಮತ್ತೆ ಹೊರಟವು. ಮನೆಯಿಂದ ದೂರ ದುಡಿಯಲು ಹೋದವರು ಅನ್ನೋದಾದರೆ ನಾವೂ ಅವರೂ ಒಂದೇ ಜಾತಿ. ವ್ಯತ್ಯಾಸ ಇಷ್ಟೇ: ನನ್ನ ಗಂಡ ಮನೆಯಲ್ಲಿ ಕೂತೇ ಸಂಬಳ ತಗೊಂಡರು.

ಮೆಕ್ಸಿಕೋದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಅಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಂದಂದಿನ ಗಳಿಕೆಯ ಅಸಂಘಟಿತರು. ಹಾಗಾಗಿ ದೇಶವ್ಯಾಪಿ ಕರ್ಫ್ಯೂ ಹಾಕಲಿಲ್ಲ, ಮಾರ್ಚ್ 23ರಿಂದ 'ಆರೋಗ್ಯಕರ ಅಂತರ'ದ ಅಭಿಯಾನ ಮಾಡಿದರು. ಅದು ಸಾವುಗಳನ್ನು ತಡೆಯಲಿಲ್ಲ, ಬಹಳ ಜನ ಹೋದರು. ಆದರೆ ಅಮೆರಿಕದಲ್ಲಿ ಹೊಲ, ಹೋಟೆಲು, ಕಸಾಯಿಖಾನೆಗಳಲ್ಲಿ ದುಡಿಯುವ ಮೆಕ್ಸಿಕನ್ನರು ಆ ವರ್ಷ ಮನೆಗೆ ಕಳಿಸಿದ ಹಣ 4,000 ಕೋಟಿ ಡಾಲರ್ ದಾಟಿತು, ಅಲ್ಲಿಯವರೆಗಿನ ದಾಖಲೆ ಅದು. ನಮ್ಮ ಓನರಮ್ಮನ ಮಗನೂ ಚಿಕಾಗೋದಲ್ಲಿ ಅಡುಗೆಯವನು. ಐದು ವರ್ಷದಿಂದ ಮುಖ ತೋರಿಸಿರಲಿಲ್ಲ. ಕಾಗದ ಪತ್ರ ಸರಿಯಿಲ್ಲದವನು ಒಮ್ಮೆ ಬಂದರೆ ಮತ್ತೆ ಹೋಗುವ ಹಾಗಿಲ್ಲ.

ಜುಲೈನಲ್ಲಿ ಅತ್ತೆ ಹೋದರು. ಕೋವಿಡ್ ಅಲ್ಲ, ಹೃದಯಾಘಾತ. ಇಲ್ಲಿ ಬೆಳಗ್ಗೆ ಹನ್ನೊಂದು, ಅಲ್ಲಿ ರಾತ್ರಿ ಹನ್ನೆರಡೂವರೆ. ಅಂತ್ಯಕ್ರಿಯೆಗೆ ಇಪ್ಪತ್ತು ಜನರ ಮಿತಿ. ನನ್ನ ಗಂಡನ ಚಿಕ್ಕಪ್ಪನ ಮಗ ಹೆಬ್ಬಾಳದ ಚಿತಾಗಾರದಲ್ಲಿ ಕ್ರಿಯೆ ಮಾಡಿದ. ಇವರು ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು ನೋಡಿದರು. ಮಧ್ಯೆ ಎರಡು ಸಲ ನೆಟ್‌ವರ್ಕ್ ಹೋಯಿತು. ಬೆಳಗ್ಗೆ ಓನರಮ್ಮ ಬಾಗಿಲ ಹೊರಗೆ ಬಿಸಿ ತೋರ್ತಿಯಾ ಬಟ್ಟೆಯಲ್ಲಿ ಸುತ್ತಿಟ್ಟು, ದೂರ ನಿಂತು, ಏನೂ ಮಾತಾಡದೆ ಎದೆ ಮೇಲೆ ಕೈಯಿಟ್ಟುಕೊಂಡರು.

ಸೆಪ್ಟೆಂಬರ್‌ನಲ್ಲಿ ಮಹಾಲಯ ಅಮಾವಾಸ್ಯೆ. ಇವರು ಎಡೆ ಇಟ್ಟರು. ನವೆಂಬರ್ 2ಕ್ಕೆ ಅಲ್ಲಿನವರ ಸತ್ತವರ ಹಬ್ಬ. ಅವರೂ ಎಡೆ ಇಡುತ್ತಾರೆ: ಸತ್ತವರ ಫೋಟೋ, ಅವರಿಗೆ ಇಷ್ಟದ ತಿಂಡಿ, ನೀರು, ದೀಪ. ಆ ಸಲ ಎಷ್ಟೋ ಕಡೆ ಸ್ಮಶಾನಗಳಿಗೆ ಬೀಗ, ಸರ್ಕಾರ ಮೂರು ದಿನ ಶೋಕ ಘೋಷಿಸಿತ್ತು. ಓನರಮ್ಮ ತಮ್ಮ ಮನೆಯ ಎಡೆಯಲ್ಲಿ ಅತ್ತೆಯ ಫೋಟೋಗೂ ಜಾಗ ಮಾಡಿ, ಅವರಿಗೆ ಏನಿಷ್ಟ ಅಂತ ನನ್ನನ್ನು ಕೇಳಿದರು. ಕಾಫಿ ಅಂದೆ. ಒಂದು ಲೋಟ ಕಾಫಿ ಇಟ್ಟರು. ಸುತ್ತ ರಾಶಿ ರಾಶಿ ಚೆಂಡುಹೂವು.

ಆ ಹೂವಿಗೆ ಅಲ್ಲಿ 'ಸೆಂಪಸೂಚಿಲ್' ಅಂತ ಹೆಸರು, ಅದರ ತವರೂ ಮೆಕ್ಸಿಕೋನೇ. ಪರಂಗಿ ಹಣ್ಣಿನ ಹಾಗೇ ಕೆಲವು ನೂರು ವರ್ಷದ ಹಿಂದೆ ಹಡಗು ಹತ್ತಿ ಬಂದದ್ದು. ಇವತ್ತು ಚೆಂಡುಹೂವಿಲ್ಲದೆ ನಮ್ಮ ಆಯುಧಪೂಜೆ ಆಗಲ್ಲ, ಬಾಗಿಲ ತೋರಣ ಆಗಲ್ಲ, ಹೆಣದ ಮೇಲಿನ ಹಾರವೂ ಆಗಲ್ಲ. ಡಿಸೆಂಬರ್‌ನಲ್ಲಿ ಏರ್ ಬಬಲ್ ವಿಮಾನ ಹಿಡಿದು ನಾವು ಊರಿಗೆ ಮರಳಿದ ಮೇಲೆ ಇದನ್ನು ಅಪ್ಪನಿಗೆ ಹೇಳಿದರೆ ನಂಬಲೇ ಇಲ್ಲ. "ಹೋಗಮ್ಮ, ಅದು ನಮ್ಮದೇ ಹೂವು" ಅಂದರು. ಅವರ ಮಾತೂ ಸರಿಯೇ. ಹಣ್ಣಿಗೆ ಪರಂಗಿ ಅಂದೆವು, ರೋಗಕ್ಕೂ ಪರಂಗಿ ಅಂದೆವು. ಈ ಹೂವಿಗೆ ಮಾತ್ರ ಯಾರೂ ಹಾಗೆ ಕರೆಯಲಿಲ್ಲ.